ಅರ್ಥಾತ್, ಮೂವತ್ತೊಂದು ಕಲ್ಲು

ಮೇಷ್ಟ್ರು ಹೋದ ಸುದ್ದಿ ಬಂದಾಗ ನಾನೊಂದು ಮೀಟಿಂಗ್‌ನಲ್ಲಿದ್ದೆ. ಮಾತಾಡುತ್ತಿದ್ದವನು ನಾನೇ. ಮೇಜಿನ ಮೇಲಿದ್ದ ಫೋನು ಮಿನುಗಿತು, ಓದಿದೆ, ಮಾತು ನಿಂತುಹೋಯಿತು. ಎದುರಿಗೆ ಕೂತಿದ್ದವರು ನಾನು ಬೇಕೆಂದೇ ನಿಲ್ಲಿಸಿದ್ದೇನೆ ಅಂದುಕೊಂಡರು. ಆಮೇಲೆ ಒಬ್ಬ ಹುಡುಗ ಹತ್ತಿರ ಬಂದು, 'ನಡುವೆ ಸುಮ್ಮನಾದಿರಲ್ಲ, ಅದು ಬಹಳ ಚೆನ್ನಾಗಿತ್ತು ಸಾರ್' ಎಂದ. ಮೇಷ್ಟ್ರು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾತಿನ ನಡುವೆ ಸುಮ್ಮನಿರುವುದನ್ನು ನನಗೆ ಕಲಿಸುವುದಕ್ಕೆ ಒಂದಿಡೀ ಸೆಮಿಸ್ಟರ್ ಹೆಣಗಿದವರು ಅವರು.

ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕ ಬಳಗದವರು ಕೇಳಿದ್ದು ಅದೇ ವಾರ. ಮೂರು ವರ್ಷ ಏನೇನು ಓದಿದೆ ಎಂದು ಕೂತು ಯೋಚಿಸಿದರೆ, ನಿಜ ಹೇಳುತ್ತೇನೆ, ಅರ್ಧದಷ್ಟು ವಿಷಯಗಳ ಹೆಸರೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಒಂದು ತಗಡಿನ ಡಬ್ಬ.

ಸಾರ್ವಜನಿಕ ಭಾಷಣದ ಆ ಪ್ರವೇಶ ಕೋರ್ಸನ್ನು ನಾನು ಆಯ್ದುಕೊಂಡದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಲಿಖಿತ ಪರೀಕ್ಷೆ ಇಲ್ಲವಂತೆ, ಎದ್ದು ನಿಂತು ನಾಲ್ಕು ಮಾತಾಡಿದರೆ ಅಂಕ ಕೊಡುತ್ತಾರಂತೆ ಎಂದು ಯಾರೋ ಹೇಳಿದರು, ಸೇರಿಕೊಂಡೆ. ಮನೆಯಲ್ಲಿ ಎಲ್ಲರೂ ನನ್ನನ್ನು ಬಾಯಿಬಡುಕ ಎನ್ನುತ್ತಿದ್ದರು. ಬಾಯಿ ಇದ್ದವನಿಗೆ ಭಾಷಣ ಯಾವ ಲೆಕ್ಕ?

ಮೊದಲ ದಿನ ಮೇಷ್ಟ್ರು ಒಳಗೆ ಬಂದರು, ಮೇಜಿನ ಪಕ್ಕ ನಿಂತರು, ಏನೂ ಹೇಳಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತೇ ಇದ್ದರು. ಗುಸುಗುಸು ಅಡಗಿತು. ಯಾರದೋ ಪೆನ್ನು ಉರುಳಿ ಬಿದ್ದ ಸದ್ದು ಕೇಳುವಷ್ಟು ಅಡಗಿತು. ಆಮೇಲೆ ಶುರು ಮಾಡಿದರು. ಒಬ್ಬ ಎಳೆ ವಕೀಲ, ಮೊದಲ ಮೊಕದ್ದಮೆ. ಪಾಟೀಸವಾಲಿಗೆ ಎದ್ದು ನಿಂತರೆ ತಲೆ ಗಿರ್ರೆಂದಿತು, ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದು ಹೇಳಿ ಕೋರ್ಟಿನಿಂದ ಹೊರಟುಬಿಟ್ಟ. ಇನ್ನೊಬ್ಬ ಸಂಸದ, 1904ರಲ್ಲಿ, ಬ್ರಿಟನ್ನಿನ ಸಂಸತ್ತಿನಲ್ಲಿ. ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡು ಬಂದಿದ್ದ, ನಡುವೆ ಮುಂದಿನ ಸಾಲು ಮರೆತುಹೋಯಿತು. ತಡವರಿಸಿದ, ಹುಡುಕಾಡಿದ, ಕೊನೆಗೆ ಕೇಳಿದ್ದಕ್ಕೆ ಧನ್ಯವಾದ ಎಂದು ಕೂತು ತಲೆಯ ಮೇಲೆ ಕೈಯಿಟ್ಟುಕೊಂಡ.

'ಯಾರು ಇವರು?' ಎಂದರು. ಯಾರಿಗೂ ಗೊತ್ತಿರಲಿಲ್ಲ.

'ಮೊದಲನೆಯವರು ಗಾಂಧಿ, ಎರಡನೆಯವರು ಚರ್ಚಿಲ್. ಚರ್ಚಿಲ್‌ಗೆ ಗಾಂಧಿಯನ್ನು ಕಂಡರಾಗುತ್ತಿರಲಿಲ್ಲ. ಆದರೂ ಬಾಯಿ ಕಟ್ಟಿದ್ದು ಇಬ್ಬರಿಗೂ ಒಂದೇ ಥರ. ಈಗ ನಿಮ್ಮಲ್ಲಿ ಮೊದಲು ಯಾರು ಬರುತ್ತೀರಿ?'

ನಾನು ಕೈಯೆತ್ತಿದೆ. ಬಾಯಿಬಡುಕನಲ್ಲವೇ.

ಕೊಟ್ಟ ವಿಷಯ: ಅಂಗಿಯ ಗುಂಡಿ. ಸಮಯ: ಮೂರು ನಿಮಿಷ, ಮರುದಿನ. ದೇಶ, ಸಮಾಜ, ಯುವಜನತೆ ಇಂಥ ದೊಡ್ಡ ವಿಷಯಗಳನ್ನು ಅವರು ಮೊದಲ ತಿಂಗಳು ಯಾರಿಗೂ ಕೊಡುತ್ತಿರಲಿಲ್ಲ. ದೊಡ್ಡ ವಿಷಯ ಸಿಕ್ಕಿದರೆ ನೀವು ಎಲ್ಲಿಂದಲೋ ಎತ್ತಿಕೊಂಡು ಬಂದದ್ದನ್ನು ಒದರುತ್ತೀರಿ, ಗುಂಡಿಯ ಬಗ್ಗೆ ಮಾತಾಡಬೇಕಾದರೆ ಗುಂಡಿಯನ್ನು ನೋಡಲೇಬೇಕು ಎನ್ನುತ್ತಿದ್ದರು. ನಾನು ನೋಡಲಿಲ್ಲ. ನಾಲ್ಕು ಹಾಳೆ ಬರೆದುಕೊಂಡು ಹೋದೆ. 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ' ಎಂದು ಶುರು ಮಾಡಿದೆ. ವೇದಿಕೆಯ ಮೇಲೆ ಆಸೀನವಾಗಿದ್ದದ್ದು ಒಂದು ಡಸ್ಟರು ಮಾತ್ರ.

ಅಷ್ಟರಲ್ಲಿ ಟಣ್ ಎಂದಿತು.

ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕೂತಿದ್ದರು. ತೊಡೆಯ ಮೇಲೆ ತಗಡಿನ ಡಬ್ಬ, ಕೈಯಲ್ಲಿ ಒಂದು ಹಿಡಿ ಬೆಣಚುಕಲ್ಲು. ಪ್ರಾಚೀನ ಗ್ರೀಸಿನ ಡೆಮಾಸ್ತನೀಸ್ ನಾಲಿಗೆ ತಿದ್ದಿಕೊಳ್ಳಲು ಬಾಯಲ್ಲಿ ಕಲ್ಲಿಟ್ಟುಕೊಂಡು ಅಭ್ಯಾಸ ಮಾಡಿದನಂತೆ, ಪ್ಲೂಟಾರ್ಕ್ ಬರೆದಿಟ್ಟ ಕಥೆ. 'ಅವನು ಬಾಯಲ್ಲಿ ಇಟ್ಟುಕೊಂಡ, ನಾನು ಡಬ್ಬಕ್ಕೆ ಹಾಕುತ್ತೇನೆ, ಅಷ್ಟೇ ವ್ಯತ್ಯಾಸ' ಎಂದು ಆಮೇಲೆ ವಿವರಿಸಿದರು. 'ಅಂದರೆ', 'ಏನಪ್ಪಾ ಅಂದ್ರೆ', 'ಒಂಥರಾ', 'ಆಂ' ಎಂದಾಗೆಲ್ಲ ಒಂದು ಕಲ್ಲು. ಗಣ್ಯರಿಗೂ ಒಂದು ಕಲ್ಲು. ಕಲ್ಲು ಬೀಳುತ್ತದೆ ಎಂದು ಗೊತ್ತಾದ ಮೇಲೆ ನನಗೆ ಬೇರೆ ಶಬ್ದವೇ ನೆನಪಾಗಲಿಲ್ಲ. ಅಂದರೆ, ಟಣ್. ಅಂದರೆ, ಟಣ್. ಬಾಯಿಯ ಪಸೆ ಆರಿತು. ಕೈಯಲ್ಲಿದ್ದ ಹಾಳೆಗಳು ಪಟಪಟ ಅನ್ನತೊಡಗಿದವು, ಮುಂದಿನ ಸಾಲಿನವರು ಗುಂಡಿ ಬಿಟ್ಟು ಹಾಳೆಯನ್ನೇ ನೋಡಿದರು. ಮೂರು ನಿಮಿಷಕ್ಕೆ ಹತ್ತೊಂಬತ್ತು ಕಲ್ಲು.

ಬೈಯಲಿಲ್ಲ. ಹಾಳೆಗಳನ್ನು ಇಸಿದುಕೊಂಡು ಅಂಗೈಯಗಲದ ಒಂದು ರಟ್ಟಿನ ಚೂರು ಕೊಟ್ಟರು. 'ಕೈ ನಡುಗೇ ನಡುಗುತ್ತದೆ. ಹಾಳೆ ಹಿಡಿದರೆ ಆ ನಡುಕ ಹತ್ತುಪಟ್ಟು ಕಾಣುತ್ತದೆ, ರಟ್ಟು ಹಿಡಿದರೆ ನಿನಗೆ ಮಾತ್ರ ಗೊತ್ತಾಗುತ್ತದೆ. ಇದರ ಮೇಲೆ ಮೂರು ಪದ ಬರಿ. ನಾಲ್ಕನೆಯದು ಬೇಡ.' ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಬಾಯಿಗೆ ಬರಬೇಕು, ನಡುವಿನದು ತಲೆಯಲ್ಲಿರಬೇಕು, ಬಾಯಿಪಾಠವಾಗಿರಬಾರದು. ಚರ್ಚಿಲ್‌ಗೆ ಆದದ್ದು ನಡುವಿನದನ್ನೂ ಬಾಯಿಪಾಠ ಮಾಡಿದ್ದರಿಂದ. ಆಮೇಲೆ ಆತ ಟಿಪ್ಪಣಿ ಕೈಯಲ್ಲಿಲ್ಲದೆ ದೊಡ್ಡ ಭಾಷಣಕ್ಕೆ ಏಳುತ್ತಿರಲಿಲ್ಲ.

ಭಯದ ಬಗ್ಗೆ ಅವರು ಹೇಳಿದ್ದು ಒಂದು ವಿಷಯ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಎದುರಿಗೆ ಇಷ್ಟೊಂದು ಕಣ್ಣು ಕಂಡರೆ ಮೈ ಅದನ್ನು ಅಪಾಯ ಎಂದೇ ತಿಳಿಯುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಡವಗುಟ್ಟುತ್ತದೆ, ಓಡುವುದಕ್ಕೋ ಹೊಡೆದಾಡುವುದಕ್ಕೋ ಕೈಕಾಲು ಸಜ್ಜಾಗುತ್ತವೆ, ಜೊಲ್ಲು ನಿಲ್ಲುತ್ತದೆ. 'ಓಡಲಿಕ್ಕೆ ಸಿದ್ಧವಾದ ಮೈಯನ್ನು ನೀನು ಒಂದೇ ಕಡೆ ನಿಲ್ಲಿಸಿದ್ದೀಯ, ನಡುಗದೆ ಏನು ಮಾಡೀತು? ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ಉದ್ದ ಮಾಡು.' ವಿವೇಕಾನಂದರೂ 1893ರ ಸೆಪ್ಟೆಂಬರ್ 11ರಂದು ಶಿಕಾಗೋದಲ್ಲಿ ಬೆಳಗ್ಗೆ ಮಾತಾಡಲು ಧೈರ್ಯ ಸಾಲದೆ ಸರದಿಯನ್ನು ಮುಂದೂಡುತ್ತ ಹೋದರು, ಎದೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿತ್ತು ಎಂದು ಅವರೇ ಪತ್ರದಲ್ಲಿ ಬರೆದುಕೊಂಡಿದ್ದಾರೆ ಎಂದೂ ಹೇಳಿದರು. ಆ ದಿನ ತರಗತಿಯಲ್ಲಿ ಎಲ್ಲರಿಗೂ ಸ್ವಲ್ಪ ಸಮಾಧಾನವಾಯಿತು.

ದನಿಯ ತರಗತಿಗಳನ್ನು ಒಬ್ಬ ಮೇಡಂ ತೆಗೆದುಕೊಳ್ಳುತ್ತಿದ್ದರು. ಸಣ್ಣ ಆಳು. ಸಭಾಂಗಣದ ಕಟ್ಟಕಡೆಯ ಸಾಲಿನಲ್ಲಿ ಕೂತು 'ಕೇಳಿಸಲಿಲ್ಲ' ಎನ್ನುವುದಷ್ಟೇ ಅವರ ಪಾಠ. ಕಿರುಚಿದರೂ ಕೇಳಿಸಲಿಲ್ಲ ಎನ್ನುತ್ತಿದ್ದರು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಉಸಿರು ತೀರುವುದೂ ಅಲ್ಲೇ. 'ನೀನು ನುಂಗಿದ್ದು ಬಾಲವನ್ನಲ್ಲ, ತಲೆಯನ್ನು. ಬಂದನೋ ಬರಲಿಲ್ಲವೋ ನನಗೆ ಹೇಗೆ ಗೊತ್ತಾಗಬೇಕು?' ಇಂಗ್ಲಿಷಿನ ಪುಸ್ತಕಗಳು ನಿಮಿಷಕ್ಕೆ 120ರಿಂದ 150 ಪದ ಎನ್ನುತ್ತವಲ್ಲ, ಆ ಲೆಕ್ಕವನ್ನು ಮೇಡಂ ಒಪ್ಪುತ್ತಲೇ ಇರಲಿಲ್ಲ. 'ಬರಬೇಕಾಗಿತ್ತಲ್ಲವೇ' ಎಂಬುದು ನಮಗೆ ಒಂದು ಪದ, ಅವರಿಗೆ ಇಡೀ ವಾಕ್ಯ. ಇಂದಿಗೂ ಯಾರಾದರೂ ವಾಕ್ಯದ ಕೊನೆಯನ್ನು ನುಂಗಿದರೆ ನನ್ನ ಕಿವಿ ಆ ಮೇಡಂನ ಕಿವಿಯಾಗುತ್ತದೆ.

ಇನ್ನು ತುಂಟತನದ ವಿಷಯ. ಇದನ್ನು ಮಾಡಿದವನು ಯಾರೆಂದು ಕಾಲೇಜಿನಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ಈಗ ಹೇಳಿದರೆ ಟಿಸಿ ಕೊಟ್ಟು ಕಳಿಸುವವರು ಯಾರೂ ಉಳಿದಿಲ್ಲ.

ನಮ್ಮ ಮಾತಿನ ಕಲ್ಲುಗಳನ್ನೆಲ್ಲ ಎಣಿಸುತ್ತಿದ್ದ ಮೇಷ್ಟ್ರಿಗೂ ಒಂದು ಪದ ಅಂಟಿಕೊಂಡಿತ್ತು. ಅರ್ಥಾತ್. ಸಣ್ಣ ಮಾತಿಗೂ ಅರ್ಥಾತ್, ದೊಡ್ಡ ಮಾತಿಗೂ ಅರ್ಥಾತ್. 'ನಾಳೆ ರಜೆ, ಅರ್ಥಾತ್ ತರಗತಿ ಇಲ್ಲ.' ಒಂದು ದಿನ ಅವರು ಬರುವ ಮೊದಲೇ ಅಲಮಾರಿನಿಂದ ಡಬ್ಬ ಎತ್ತಿಕೊಂಡು ನಾನೂ ನನ್ನ ಗೆಳೆಯನೂ ಹಿಂದಿನ ಬೆಂಚಿಗೆ ಹೋದೆವು. ಅವನು ಡಬ್ಬ ಹಿಡಿದ, ನಾನು ಕಲ್ಲು ಹಿಡಿದೆ.

ಆ ದಿನದ ಪಾಠ ಲಿಂಕನ್. 1863ರ ನವೆಂಬರ್ 19, ಗೆಟಿಸ್‌ಬರ್ಗ್. ಅಂದಿನ ಮುಖ್ಯ ಭಾಷಣಕಾರ ಲಿಂಕನ್ ಅಲ್ಲ, ಎಡ್ವರ್ಡ್ ಎವರೆಟ್. ಎವರೆಟ್ ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದ ಲಿಂಕನ್ ಸುಮಾರು 270 ಪದ ಹೇಳಿ ಎರಡೇ ನಿಮಿಷಕ್ಕೆ ಕೂತರು. ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿಗೆ ನಾನು ಎರಡು ಗಂಟೆಯಲ್ಲಿ ಹತ್ತಿರ ಬಂದಿದ್ದರೂ ಸಂತೋಷಪಡುತ್ತಿದ್ದೆ ಎಂಬರ್ಥದಲ್ಲಿ ಎವರೆಟ್ ಮರುದಿನವೇ ಪತ್ರ ಬರೆದರು. ಇಷ್ಟನ್ನು ಹೇಳಲು ಮೇಷ್ಟ್ರು ತೆಗೆದುಕೊಂಡದ್ದು ನಲವತ್ತು ನಿಮಿಷ.

ಮೊದಲ 'ಅರ್ಥಾತ್'ಗೆ ಟಣ್ ಎಂದಾಗ ಅವರು ತಲೆಯೆತ್ತಲಿಲ್ಲ. ಐದನೆಯದಕ್ಕೆ ಮುಂದಿನ ಬೆಂಚಿನವರ ಹೆಗಲುಗಳು ಕುಲುಕತೊಡಗಿದವು. ಹತ್ತು ದಾಟಿದ ಮೇಲೆ ಒಬ್ಬಳು ಬಾಯಿಗೆ ಕರವಸ್ತ್ರ ತುರುಕಿಕೊಂಡಳು. ಅವರು ಪಾಠ ನಿಲ್ಲಿಸಲೂ ಇಲ್ಲ, ಅರ್ಥಾತ್ ಬಿಡಲೂ ಇಲ್ಲ. ಗಂಟೆ ಹೊಡೆಯಿತು. ಪುಸ್ತಕ ಮುಚ್ಚಿದರು. ಮೊದಲ ದಿನದ ಹಾಗೆಯೇ ಸುಮ್ಮನೆ ನೋಡುತ್ತ ನಿಂತರು. ನನಗೆ ಬೆವರು ಕಿತ್ತುಕೊಂಡಿತು.

'ಎಷ್ಟಾಯಿತು?'

'ಮೂವತ್ತೊಂದು ಸಾರ್.'

'ಮೂವತ್ತೆರಡು. ಎವರೆಟ್ ಪತ್ರದ ಹತ್ತಿರ ಎರಡು ಒಟ್ಟೊಟ್ಟಿಗೆ ಬಂದವು, ನೀನು ಒಂದು ಬಿಟ್ಟೆ. ಇನ್ನೊಬ್ಬರ ಮಾತು ಎಣಿಸುವವನಿಗೆ ಕಿವಿ ಇರಬೇಕು.' ಡಬ್ಬವನ್ನು ಇಸಿದುಕೊಂಡು, 'ನಾಳೆ ಇದೇ ಲಿಂಕನ್, ಎರಡು ನಿಮಿಷ. ಕಲ್ಲು ಹಾಕುವವನು ನಾನು' ಎಂದು ಹೊರಟುಹೋದರು.

ರಾತ್ರಿಯೆಲ್ಲ ಗೋಡೆಗೆ ಭಾಷಣ ಮಾಡಿದೆ. 'ಅಂದರೆ' ಬರುವ ಕಡೆಯೆಲ್ಲ ತುಟಿ ಬಿಗಿದು ಸುಮ್ಮನಿರುವುದನ್ನು ಅಭ್ಯಾಸ ಮಾಡಿದೆ. ಒಳಗಿದ್ದವನಿಗೆ ಆ ಒಂದು ಕ್ಷಣ ಒಂದು ಯುಗದಂತೆ ಅನ್ನಿಸುತ್ತದೆ, ಕೇಳುವವರಿಗೆ ಅದು ಬರೀ ಉಸಿರು. ಮರುದಿನ ಎರಡು ನಿಮಿಷ ಹತ್ತು ಸೆಕೆಂಡಿಗೆ ಮುಗಿಸಿದೆ. ಒಂದೇ ಒಂದು ಕಲ್ಲು ಬಿತ್ತು. ಅದೂ ಅನ್ಯಾಯದ ಕಲ್ಲು ಎಂಬುದು ಇಂದಿಗೂ ನನ್ನ ವಾದ, ಆ ಜಾಗದಲ್ಲಿ 'ಹಾಗಾಗಿ' ಬೇಕೇ ಇತ್ತು. ಆ ಸೆಮಿಸ್ಟರಿನಲ್ಲಿ ಅಷ್ಟು ಕಡಿಮೆ ಕಲ್ಲು ಬೇರೆ ಯಾರಿಗೂ ಬೀಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಿಬಿಡುತ್ತೇನೆ, ಬೇರೆ ಯಾರೂ ಬರೆಯುವ ಹಾಗೆ ಕಾಣುವುದಿಲ್ಲ. ಮೇಷ್ಟ್ರು ಆಮೇಲೆ ಅರ್ಥಾತ್ ಬಿಟ್ಟರೇ ಎಂದರೆ, ಇಲ್ಲ. ಆದರೆ ಹೇಳಿದಾಗಲೆಲ್ಲ ಒಂದು ಸಲ ಹಿಂದಿನ ಬೆಂಚಿನತ್ತ ಕಣ್ಣು ಹಾಯಿಸುತ್ತಿದ್ದರು.

ಅಲ್ಲಿಂದ ಈಚೆಗೆ ಎಷ್ಟು ವೇದಿಕೆ ಹತ್ತಿದೆನೋ ಲೆಕ್ಕವಿಟ್ಟಿಲ್ಲ. ಚೆನ್ನಾಗಿ ಮಾತಾಡುತ್ತೀರಿ ಎಂದು ಜನ ಹೇಳುತ್ತಾರೆ, ನಾನೂ ಅಲ್ಲಗಳೆಯುವುದಿಲ್ಲ. ಈಗ ಇಂಥದೇ ಕೋರ್ಸುಗಳು ವಿಡಿಯೊದಲ್ಲಿ ನಡೆಯುತ್ತವಂತೆ. ಹುಡುಗರು ಮನೆಯಲ್ಲೇ ಕೂತು ಭಾಷಣ ರೆಕಾರ್ಡ್ ಮಾಡಿ ಕಳಿಸುತ್ತಾರೆ, ತಪ್ಪಿದರೆ ಅಳಿಸಿ ಮತ್ತೆ ಮಾಡುತ್ತಾರೆ. ಭಾಷಣ ಕಲೆಗೆ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸುವ ಪರೀಕ್ಷೆಯೂ ಇದೆ ಎಂದು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವರು ಕ್ಯಾಮೆರಾಗೆ ಹೆದರುವುದಿಲ್ಲ, ನಮಗಿಂತ ಚೂಟಿಯಾಗಿದ್ದಾರೆ, ಒಪ್ಪಿದೆ. ಆದರೆ ಪರದೆಯ ಮೇಲೆ ಹತ್ತು ಸಾಲು ಹಾಕಿ, ಸಭೆಗೆ ಬೆನ್ನು ತಿರುಗಿಸಿ ಅದನ್ನೇ ಓದುವವರನ್ನು ಕಂಡರೆ ನನ್ನ ಕೈ ಕಲ್ಲು ಹುಡುಕುತ್ತದೆ. ಓದಲು ನಮಗೂ ಬರುತ್ತದಲ್ಲ? ಅಳಿಸಲು ಆಗದ ಮೂರು ನಿಮಿಷ ಎಂದರೇನು ಎಂದು ಅವರಿಗೆ ಯಾರು ತೋರಿಸುತ್ತಾರೆ? ನನಗೆ ವಯಸ್ಸಾಯಿತು ಎನ್ನುವವರು ಎನ್ನಲಿ.

ಹೋದ ತಿಂಗಳು ಮೇಷ್ಟ್ರ ಶ್ರದ್ಧಾಂಜಲಿ ಸಭೆ. ನನಗೆ ಮೂರು ನಿಮಿಷ ಕೊಟ್ಟಿದ್ದರು. ನನಗಿಂತ ಮೊದಲು ಮಾತಾಡಿದವರೊಬ್ಬರು ಇಪ್ಪತ್ತು ನಿಮಿಷ ತಮ್ಮ ಬಗ್ಗೆಯೇ ಹೇಳಿದರು. ಇನ್ನೊಬ್ಬರು ಫೋನು ನೋಡಿ ಓದುತ್ತಿದ್ದಾಗ ಪರದೆ ಆರಿಹೋಗಿ, ಅದನ್ನು ಬೆಳಗಿಸುವುದರಲ್ಲಿ ಸಾಲು ತಪ್ಪಿ, ಅದೇ ಪ್ಯಾರಾ ಎರಡು ಸಲ ಬಂತು. ನನ್ನ ಜೇಬಿನಲ್ಲಿ ಅಂಗೈಯಗಲದ ರಟ್ಟು, ಅದರ ಮೇಲೆ ಮೂರು ಪದ: ಡಬ್ಬ, ಗುಂಡಿ, ಲಿಂಕನ್.

ಮೈಕಿನ ಮುಂದೆ ನಿಂತು ಸುಮ್ಮನೆ ಎಲ್ಲರನ್ನೂ ನೋಡಿದೆ. ಸಭೆ ಅಡಗಿತು. ಡಬ್ಬದ ಕಥೆ ಶುರು ಮಾಡಿದೆ. ಕೊನೆಯ ವಾಕ್ಯವನ್ನೂ ನುಂಗದೆ, ನಿಧಾನವಾಗಿ, ನನಗೇ ಮೆಚ್ಚುಗೆಯಾಗುವ ಹಾಗೆ ಹೇಳುತ್ತಿದ್ದೆ. ಅವರು ನಮಗೆ ಮಾತು ಕಲಿಸಲಿಲ್ಲ, ಅರ್ಥಾತ್, ಎಂದುಬಿಟ್ಟೆ.

ಹಿಂದಿನಿಂದ ಟಣ್ ಎಂದು ಸದ್ದು.

ಕೊನೆಯ ಸಾಲಿನಲ್ಲಿ ನನ್ನ ಗೆಳೆಯ, ತಲೆ ಪೂರ್ತಿ ನರೆತಿದೆ, ಕೈಯಲ್ಲಿದ್ದ ಕೀಲಿಗೊಂಚಲನ್ನು ಕುರ್ಚಿಯ ಕಬ್ಬಿಣದ ಕಾಲಿಗೆ ಬಡಿದಿದ್ದ. ಹಳೆಯ ವಿದ್ಯಾರ್ಥಿಗಳ ಸಾಲುಗಳಲ್ಲಿ ನಗು ಎದ್ದಿತು. ಮೇಷ್ಟ್ರ ಮನೆಯವರಿಗೆ ಏನೂ ಅರ್ಥವಾಗದೆ ತಿರುಗಿ ನೋಡಿದರು. ನಾನೂ ನಕ್ಕೆ. ನಕ್ಕು, ಮುಂದಿನ ಮಾತಿಗೆ ಬಾಯಿ ತೆರೆದರೆ ದನಿಯೇ ಬರಲಿಲ್ಲ. ರಟ್ಟನ್ನು ನೋಡಿದೆ. ಇನ್ನೂ ಎರಡು ಪದ ಉಳಿದಿದ್ದವು. ಬಂದು ಕೂತೆ.