ಘಟ್ಟದ ಸೈಕಲ್ಲಿಗೆ ಒಂದೇ ಚೈನ್‌ರಿಂಗ್: ವ್ಯಾಂಕೂವರಿನಿಂದ ಏನು ತರಿಸಬೇಕು, ಏನು ಬೇಡ

ನಾವಿರುವ ಕೆನಡಾದ ವ್ಯಾಂಕೂವರಿಗೆ ತಾಗಿಕೊಂಡೇ ಇರುವ ನಾರ್ತ್ ಶೋರ್ ಬೆಟ್ಟಗಳಲ್ಲಿ ಮುಂದೆ, ಪೆಡಲಿನ ಹತ್ತಿರ, ಎರಡು ಮೂರು ಚೈನ್‌ರಿಂಗ್ (ಚೈನ್ ಕೂರುವ ಹಲ್ಲಿನ ಬಳೆ) ಇರುವ ಹೊಸ ಮೌಂಟನ್ ಬೈಕ್ ಕಾಣಸಿಗುವುದು ಈಗ ಅಪರೂಪ. 2012ರಲ್ಲಿ ಸ್ರಾಮ್ ಕಂಪನಿಯ ಎಕ್ಸ್‌ಎಕ್ಸ್1 ಬಂತು: ಮುಂದೆ ಒಂದು ರಿಂಗ್, ಹಿಂದೆ 10ರಿಂದ 42 ಹಲ್ಲಿನ 11 ಸ್ಪೀಡ್ ಕ್ಯಾಸೆಟ್, ಅಂದರೆ 11 ಹಲ್ಲುಚಕ್ರಗಳ ಗೊಂಚಲು. 2016ರ ಈಗಲ್ ಸೆಟ್ ಅದನ್ನು 12 ಸ್ಪೀಡಿಗೆ, 50 ಹಲ್ಲಿಗೆ ಒಯ್ದಿತು. 2018ರಲ್ಲಿ ಶಿಮಾನೊ ಕೂಡ 12 ಸ್ಪೀಡಿಗೆ ಬಂತು. ಇಲ್ಲಿನ ಚಿತ್ರ, ವೀಡಿಯೊ ನೋಡಿದ ಮೇಲೆ ಶಿರಸಿಯಿಂದಲೋ ಕಾರವಾರದಿಂದಲೋ ಫೋನು ಬರುವುದು ಸಹಜವೇ: "ಭಾವ, ಬರುವಾಗ ಒಂದು 12 ಸ್ಪೀಡ್ ಕ್ಯಾಸೆಟ್ ತಗಂಡ್ ಬಾ."

ತರಿಸುವ ಮುಂಚೆ ಹಿಂದಿನ ಚಕ್ರದ ಹಬ್ ನೋಡಿ. ಯಾವ ಕ್ಯಾಸೆಟ್ ಕೂರುತ್ತದೆ ಎಂಬುದನ್ನು ತೀರ್ಮಾನಿಸುವುದು ಅದು. ಊರಲ್ಲಿ ಓಡುತ್ತಿರುವ 3x7, 3x8 (ಮುಂದೆ 3 ರಿಂಗ್, ಹಿಂದೆ 7 ಅಥವಾ 8 ಹಲ್ಲುಚಕ್ರ) ಸೈಕಲ್ಲುಗಳ ಪೈಕಿ ಹೆಚ್ಚಿನವಕ್ಕೆ 12 ಸ್ಪೀಡ್ ಕ್ಯಾಸೆಟ್ ನೇರವಾಗಿ ಕೂರುವುದೇ ಇಲ್ಲ. ಸ್ರಾಮಿನ 10 ಹಲ್ಲಿನದಕ್ಕೆ ಎಕ್ಸ್‌ಡಿ, ಶಿಮಾನೊದ್ದಕ್ಕೆ ಮೈಕ್ರೊ ಸ್ಪ್ಲೈನ್ ಎಂಬ ಬೇರೆಯೇ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಬೇಕು. ಹಾಗೆ ಹೊರಟರೆ ಹಬ್, ಚಕ್ರ, ಚೈನನ್ನು ಪಕ್ಕಕ್ಕೆ ಸರಿಸುವ ಡಿರೇಲರ್, ಹ್ಯಾಂಡಲಿನಲ್ಲಿ ಗೇರ್ ಬದಲಿಸುವ ಶಿಫ್ಟರ್, ಚೈನ್ ಎಲ್ಲವೂ ಹೊಸದು. ಹಳೇ ಸೈಕಲ್ಲಿಗೆ ಅಷ್ಟು ಸುರಿಯುವುದು ಬೇಡ. ನಮ್ಮ ಘಟ್ಟಕ್ಕೆ 9 ಅಥವಾ 10 ಸ್ಪೀಡ್ ಧಾರಾಳ ಸಾಕು.

ಹಬ್ ಗುರುತಿಸಲು ಚಕ್ರ ಬಿಚ್ಚಿ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಕೂರುವ ಕಚ್ಚುಗಳಿರುವ ಭಾಗ ಹಲ್ಲಿನ ಜೊತೆಗೇ ತಿರುಗಿದರೆ ಅದು ಕ್ಯಾಸೆಟ್. ಹಲ್ಲು ಮಾತ್ರ ತಿರುಗಿ ಆ ಭಾಗ ಅಲ್ಲಾಡದೆ ನಿಂತರೆ ಹಬ್ಬಿನ ಮರೆಯ (ಥ್ರೆಡ್ಡಿನ) ಮೇಲೆ ತಿರುಗಿಸಿ ಕೂರಿಸಿದ ಫ್ರೀವೀಲ್. 7 ಸ್ಪೀಡ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ರೀವೀಲೇ. ಅದರ ದೊಡ್ಡ ಹಲ್ಲು, ಅಂದರೆ ಅತಿ ದೊಡ್ಡ ಹಲ್ಲುಚಕ್ರ, 28 ಹಲ್ಲಿನದು, ಹೆಚ್ಚೆಂದರೆ 34. ಅಂಥದ್ದರಲ್ಲಿ ಮುಂದಿನ ಸಣ್ಣ ರಿಂಗ್ ತೆಗೆದರೆ ದೇವಿಮನೆ ಘಟ್ಟದಲ್ಲಿ ಇಳಿದು ತಳ್ಳುವುದೇ ಗತಿ. ಮೊದಲು ಹಿಂದಿನ ಚಕ್ರವನ್ನು ಕ್ಯಾಸೆಟ್ ಹಬ್ ಇರುವುದಕ್ಕೆ ಬದಲಿಸಬೇಕು. ಅದಾಗದಿದ್ದರೆ ಮೂರು ರಿಂಗ್ ಹಾಗೇ ಇರಲಿ. 8 ಅಥವಾ 9 ಸ್ಪೀಡಿನ ಶಿಮಾನೊ ಮಾದರಿಯ ಎಚ್‌ಜಿ ಫ್ರೀಹಬ್ ಇದ್ದರೆ ದಾರಿ ಸಲೀಸು. 11ರಿಂದ ಶುರುವಾಗುವ 8, 9, 10 ಸ್ಪೀಡ್ ಕ್ಯಾಸೆಟ್‌ಗಳೂ, ಶಿಮಾನೊ ಡಿಯೊರೆಯ 11–51ರ 11 ಸ್ಪೀಡ್ ಕ್ಯಾಸೆಟ್ಟೂ ಅದೇ ಹಬ್ಬಿನ ಮೇಲೆ ಕೂರುತ್ತವೆ.

ಇನ್ನು ಲೆಕ್ಕ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿದರೆ ಪೆಡಲ್ ಒಂದು ಸುತ್ತು ಹೋದಾಗ ಚಕ್ರ ಎಷ್ಟು ಸುತ್ತುತ್ತದೆ ಎಂಬುದು ಸಿಗುತ್ತದೆ. ಮುಂದೆ 42-32-22, ಹಿಂದೆ 11–32 ಇರುವ ಸೈಕಲ್ಲಿನಲ್ಲಿ ಅತಿ ಹಗುರ ಗೇರ್ 22/32, ಅಂದರೆ 0.69. ಮುಂದೆ 32 ಒಂದೇ ಇಟ್ಟು ಹಿಂದೆ 42 ಹಾಕಿದರೆ 0.76, ಸ್ವಲ್ಪ ಭಾರವೇ. ಹಿಂದೆ 46 ಸಿಕ್ಕಿದರೆ 0.70, ಹೆಚ್ಚುಕಮ್ಮಿ ಹಳೆಯದಕ್ಕೇ ಸಮ. ಮುಂದೆ 30, ಹಿಂದೆ 42 ಆದರೆ 0.71. 29 ಇಂಚಿನ ಚಕ್ರದಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ 0.76ಕ್ಕೆ ಗಂಟೆಗೆ ಸುಮಾರು 6.3 ಕಿ.ಮೀ., 0.70ಕ್ಕೆ 5.7 ಕಿ.ಮೀ. ಕಾಗದದ ಮೇಲೆ ಈ ವ್ಯತ್ಯಾಸ ಏನೂ ಅಲ್ಲ. ಕುಮಟಾ ಕಡೆಯಿಂದ ಶಿರಸಿಗೆ ಹತ್ತುವಾಗ ತಿರುವಿನ ಮೇಲೆ ತಿರುವು ಬರುತ್ತಿದ್ದರೆ ಮೊಣಕಾಲಿಗೆ ಅದು ಚೆನ್ನಾಗಿ ತಿಳಿಯುತ್ತದೆ.

ಕಳೆದುಕೊಳ್ಳುವುದು ಇನ್ನೊಂದು ತುದಿಯಲ್ಲಿ. 42/11 ಅಂದರೆ 3.82, 32/11 ಅಂದರೆ 2.91. ನಿಮಿಷಕ್ಕೆ 90 ಸುತ್ತು ತುಳಿದರೆ ಮೊದಲಿನದಕ್ಕೆ ಗಂಟೆಗೆ 47 ಕಿ.ಮೀ., ಎರಡನೆಯದಕ್ಕೆ 36. ಇಲ್ಲಿನವರಿಗೆ ಇದು ತೊಂದರೆಯೇ ಅಲ್ಲ. ಸೀಮೋರ್ ಬೆಟ್ಟದಲ್ಲಿ ನಿಧಾನ ಹತ್ತಿ ಕಾಡಿನ ಜಾಡಿನಲ್ಲಿ ಇಳಿಯುವುದು, ವಿಸ್ಲರ್ ಪಾರ್ಕಿನಲ್ಲಿ ಲಿಫ್ಟಿನಲ್ಲೇ ಮೇಲೆ ಹೋಗುವುದು; ಇಳಿಯುವಾಗ ತುಳಿಯುವ ಕೆಲಸ ಕಡಿಮೆ. ಊರಲ್ಲಿ ಹಾಗಲ್ಲ. ಅಂಕೋಲಾದಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗುಂಪಿನ ಜೊತೆ ವೇಗವಾಗಿ ಹೋಗುವವರು ಒಂದೇ ರಿಂಗ್ ಮಾಡಿಸಿಕೊಳ್ಳಬೇಡಿ. ಯಾಣದ ಸುತ್ತಿನ ಕಾಡುದಾರಿ, ತೋಟದ ರಸ್ತೆ, ಅಣಶಿ ಕಡೆಯ ಏರು ನಿಮ್ಮ ಓಡಾಟವಾದರೆ ಖಂಡಿತ ಮಾಡಿಸಿ. ಕುಲುಕುವ ದಾರಿಯಲ್ಲಿ ಎಡಗೈಗೆ ಗೇರಿನ ಚಿಂತೆ ಇರುವುದಿಲ್ಲ. ಮಳೆಗಾಲದಲ್ಲಿ ಕೆಸರು ಮೆತ್ತಿ ಮುಂದಿನ ಡಿರೇಲರ್ ಅಲ್ಲಾಡದೆ ನಿಲ್ಲುವ ಕಾಟವೂ ಹೋಗುತ್ತದೆ. ತೂಕ ಇಳಿಯುತ್ತದೆ ಎಂದು ಮಾತ್ರ ಮಾಡಬೇಡಿ. ಮುಂದೆ ಉಳಿಸಿದ್ದರಲ್ಲಿ ಒಂದು ಪಾಲನ್ನು ಹಿಂದಿನ ದೊಡ್ಡ ಕ್ಯಾಸೆಟ್ ವಾಪಸ್ ತೆಗೆದುಕೊಳ್ಳುತ್ತದೆ.

ಮುಂದಿನ ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳು) ರಿಂಗುಗಳು ಬೋಲ್ಟಿನಲ್ಲಿ ಕೂತಿವೆಯೋ ರಿವೆಟ್ ಹೊಡೆದಿದೆಯೋ ನೋಡಿ. ರಿವೆಟ್ ಇದ್ದರೆ ರಿಂಗ್ ಬೇರೆ ಮಾಡಲಾಗದು, ಕ್ರ್ಯಾಂಕನ್ನೇ ಬದಲಿಸಬೇಕು. ನಾಲ್ಕು ಬೋಲ್ಟ್ ಇದ್ದರೆ ಅಕ್ಕಪಕ್ಕದ ಎರಡು ಬೋಲ್ಟುಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. 73.5 ಮಿ.ಮೀ. ಬಂದರೆ ಅದು 104 ಬಿಸಿಡಿ, ಅಂದರೆ ಬೋಲ್ಟುಗಳು ಕೂತ ವೃತ್ತದ ವ್ಯಾಸ 104 ಮಿ.ಮೀ. ಎಲ್ಲಕ್ಕಿಂತ ಸುಲಭವಾಗಿ ರಿಂಗ್ ಸಿಗುವ ಅಳತೆ. ಇದರಲ್ಲಿ ಮಾಮೂಲು ರಿಂಗ್ 32 ಹಲ್ಲಿನಿಂದ ಶುರು. 30 ಬೇಕೆಂದರೆ ರಿಂಗಿನಲ್ಲೇ ಮರೆ ಕೊರೆದ ವಿಶೇಷ ಮಾದರಿ ತರಿಸಬೇಕು.

ತರಿಸುವ ರಿಂಗ್ ನ್ಯಾರೋ-ವೈಡ್ ಆಗಿರಲೇಬೇಕು. ಹಳೇ ಮಧ್ಯದ ರಿಂಗನ್ನೇ ಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಆ ರಿಂಗಿನ ಕೆಲವು ಹಲ್ಲುಗಳನ್ನು ಚೈನ್ ಬೇಗ ಬಿಡಲಿ ಎಂದೇ ಗಿಡ್ಡ ಮಾಡಿರುತ್ತಾರೆ. ಕಲ್ಲುದಾರಿಯಲ್ಲಿ ಅದು ಚೈನ್ ಬೀಳಿಸುತ್ತಲೇ ಇರುತ್ತದೆ. ನ್ಯಾರೋ-ವೈಡ್‌ನಲ್ಲಿ ಒಂದು ಹಲ್ಲು ದಪ್ಪ, ಒಂದು ತೆಳು. ಚೈನಿನ ಹೊರ ಪಟ್ಟಿಯ ಅಗಲ ಸಂದಿಗೆ ದಪ್ಪ ಹಲ್ಲು, ಒಳ ಪಟ್ಟಿಯ ಸಣ್ಣ ಸಂದಿಗೆ ತೆಳು ಹಲ್ಲು. ಹಾಗಾಗಿಯೇ ಹಲ್ಲಿನ ಸಂಖ್ಯೆ ಯಾವಾಗಲೂ ಸಮ. ಚೈನ್ ಕೂರಿಸುವಾಗ ಒಂದು ಹಲ್ಲು ತಪ್ಪಿದರೆ ಚೈನ್ ರಿಂಗಿನ ಮೇಲೆ ಎದ್ದು ನಿಲ್ಲುತ್ತದೆ, ಕಣ್ಣಿಗೇ ಕಾಣುತ್ತದೆ. ಎತ್ತಿ ಒಂದು ಹಲ್ಲು ಮುಂದೆ ಇಡಿ. 8 ಸ್ಪೀಡ್ ಚೈನಿನ ಒಳ ಅಗಲ 2.38 ಮಿ.ಮೀ., 9ರಿಂದ ಮೇಲಿನವಕ್ಕೆ 2.18. ಅದರಿಂದಾಗಿ 8 ಸ್ಪೀಡ್ ಚೈನಿಗೆ ಈ ಹಲ್ಲುಗಳ ಹಿಡಿತ ತುಸು ಸಡಿಲ.

ಬಿಚ್ಚುವಾಗ ಚೌಕ ಆಕ್ಸಲಿನ ಕ್ರ್ಯಾಂಕಾದರೆ ಬೋಲ್ಟ್ ತೆಗೆದು ಪುಲ್ಲರನ್ನು (ಕ್ರ್ಯಾಂಕ್ ಎಳೆದು ತೆಗೆಯುವ ಟೂಲ್) ಕೈಯಲ್ಲೇ ಕೊನೆಯವರೆಗೂ ತಿರುಗಿಸಿ ಕೂರಿಸಿ. ಎರಡು ಮೂರು ಮರೆ ಹಿಡಿದ ಕೂಡಲೇ ಸ್ಪ್ಯಾನರ್ ಹಾಕಿದರೆ ಅಲ್ಯುಮಿನಿಯಂ ಮರೆ ಕಿತ್ತು ಬರುತ್ತದೆ, ಆಮೇಲೆ ಕ್ರ್ಯಾಂಕ್ ಕಡಿದೇ ತೆಗೆಯಬೇಕಾದೀತು. ಹೊಸ ರಿಂಗನ್ನು ಹಳೇ ಮಧ್ಯದ ರಿಂಗಿನ ಜಾಗದಲ್ಲಿ ಕೂರಿಸಿ. ಹಳೇ ಬೋಲ್ಟ್ ಎರಡು ರಿಂಗಿನ ದಪ್ಪಕ್ಕೆ ಮಾಡಿದ್ದು, ಒಂದಕ್ಕೆ ಉದ್ದವಾಗುತ್ತದೆ. ಎಷ್ಟು ಬಿಗಿದರೂ ರಿಂಗ್ ಕಟಕಟ ಎನ್ನುತ್ತಿದ್ದರೆ ಕಾರಣ ಅದೇ. ಸಿಂಗಲ್ ರಿಂಗಿನ ಗಿಡ್ಡ ಬೋಲ್ಟ್ ನಾಲ್ಕು ಬೇಕು. ಮರೆಗೆ ಗ್ರೀಸ್ ಹಚ್ಚಿ, ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿಯುತ್ತ ಹೋಗಿ. ಅಲ್ಯುಮಿನಿಯಂ ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು.

ಮುಂದಿನ ಡಿರೇಲರ್, ಎಡ ಶಿಫ್ಟರ್, ಕೇಬಲ್ ತೆಗೆಯುವುದು ಹತ್ತು ನಿಮಿಷದ ಕೆಲಸ. ಫ್ರೇಮಿನ ಒಳಗೆ ಕೇಬಲ್ ಹೋಗುತ್ತಿದ್ದ ತೂತಿಗೆ ರಬ್ಬರ್ ಬಿರಡೆ ಹಾಕಿ, ಇಲ್ಲವಾದರೆ ಜೂನ್ ತಿಂಗಳಲ್ಲೇ ಒಳಗೆ ನೀರು ನಿಲ್ಲುತ್ತದೆ. ಬಾಟಮ್ ಬ್ರಾಕೆಟ್ಟಿನ (ಕ್ರ್ಯಾಂಕ್ ತಿರುಗುವ ಬೇರಿಂಗ್ ಭಾಗ) ಕಪ್ಪಿನಡಿ ತಗಡು ಸಿಕ್ಕಿಸಿದ ಇ-ಟೈಪ್ ಡಿರೇಲರ್ ಆಗಿದ್ದರೆ, ತೆಗೆದ ಜಾಗಕ್ಕೆ 2.5 ಮಿ.ಮೀ. ಸ್ಪೇಸರ್ ಹಾಕಲು ಮರೆಯಬೇಡಿ.

ಹಿಂದಿನ ಡಿರೇಲರ್ ಮತ್ತು ಶಿಫ್ಟರ್ ಜೋಡಿ ತಪ್ಪುವುದು ತೀರಾ ಸಾಮಾನ್ಯ. ಶಿಮಾನೊದ 7, 8, 9 ಸ್ಪೀಡ್ ಡಿರೇಲರುಗಳು ಒಂದೇ ಜಾತಿ. 10 ಸ್ಪೀಡ್ ಮೌಂಟನ್ ಡಿರೇಲರಿಗೆ ಕೇಬಲ್ ಎಳೆತದ ಲೆಕ್ಕವೇ ಬೇರೆ. 10 ಸ್ಪೀಡ್ ಶಿಫ್ಟರಿಗೆ ಹಳೇ 9 ಸ್ಪೀಡ್ ಡಿರೇಲರ್ ಕಟ್ಟಿದರೆ ಎಷ್ಟು ತಿರುಚಿದರೂ ಗೇರ್ ಕೂರುವುದಿಲ್ಲ. ಶಿಫ್ಟರ್, ಡಿರೇಲರ್, ಕ್ಯಾಸೆಟ್ ಮೂರನ್ನೂ ಒಂದೇ ಸೆಟ್ಟಿನಿಂದ ತೆಗೆದುಕೊಳ್ಳಿ. ಮೈಕ್ರೊಶಿಫ್ಟ್ ಕಂಪನಿಯ ಅಡ್ವೆಂಟ್ 9 ಸ್ಪೀಡಿನದು, ಅಡ್ವೆಂಟ್ ಎಕ್ಸ್ 10 ಸ್ಪೀಡಿನದು; ಎರಡರ ಕ್ಯಾಸೆಟ್ಟೂ ಎಚ್‌ಜಿ ಹಬ್ಬಿಗೆ ಕೂರುತ್ತದೆ. ಡಿರೇಲರಿನಲ್ಲಿ ಕ್ಲಚ್ ಇರುವ ಮಾದರಿಯನ್ನೇ ಆರಿಸಿ. ಕ್ಲಚ್ ಡಿರೇಲರಿನ ಕೇಜನ್ನು (ಚೈನ್ ಹಾಯುವ ಕೆಳಗಿನ ತೋಳು) ಬಿಗಿಯಾಗಿ ಹಿಡಿದು, ಚೈನ್ ಕುಣಿಯದ ಹಾಗೆ ನೋಡಿಕೊಳ್ಳುತ್ತದೆ. ಚಕ್ರ ಬಿಚ್ಚುವಾಗ ಅದರ ಲಿವರ್ ಆಫ್ ಮಾಡಿ, ಮತ್ತೆ ಆನ್ ಮಾಡಲು ಮರೆಯಬೇಡಿ.

ಚೈನ್ ಉದ್ದಕ್ಕೆ ಹಳೇ ಚೈನನ್ನು ಅಳತೆ ಇಡಬೇಡಿ. ಡಿರೇಲರಿನ ಒಳಗೆ ಹಾಯಿಸದೆ ಮುಂದಿನ ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಹಲ್ಲಿನ ಸುತ್ತ ಸುತ್ತಿ, ಎರಡು ತುದಿ ಕೂಡುವಲ್ಲಿಂದ ಕನಿಷ್ಠ ಒಂದು ಇಂಚು ಹೆಚ್ಚು ಬಿಡಿ. ಸೆಟ್ಟಿನ ಚೀಟಿಯಲ್ಲಿ ಹೆಚ್ಚು ಹೇಳಿದ್ದರೆ ಅದೇ ಸರಿ. ಹಿಂದೆಯೂ ಸಸ್ಪೆನ್ಷನ್ ಇದ್ದರೆ ಅದನ್ನು ಪೂರ್ತಿ ಒತ್ತಿಟ್ಟು ಅಳೆಯಬೇಕು. ಕಡಿಮೆಯಾದರೆ ದೊಡ್ಡ ಹಲ್ಲಿಗೆ ಹಾಕಿದ ಕ್ಷಣ ಡಿರೇಲರ್ ತನ್ನನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಸಮೇತ ಮುರಿಯುತ್ತದೆ. ಆಮೇಲೆ ಡಿರೇಲರಿನ ಬಿ ಸ್ಕ್ರೂ ತಿರುಗಿಸಿ ಹೊಂದಿಸುವುದು: ಡಿರೇಲರಿನ ಮೇಲಿನ ಜಾಕಿ ಚಕ್ರಕ್ಕೂ (ಚೈನ್ ಹಾಯುವ ಪುಟ್ಟ ಚಕ್ರ) ದೊಡ್ಡ ಹಲ್ಲಿಗೂ 5–6 ಮಿ.ಮೀ. ಸಂದಿ. ಕ್ಯಾಸೆಟ್ ಲಾಕ್‌ರಿಂಗ್ 40 ನ್ಯೂಟನ್ ಮೀಟರ್.

ಎಲ್ಲ ಮುಗಿದ ಮೇಲೆ ಸೈಕಲ್ ಎತ್ತಿ ಹಿಡಿದು, ದೊಡ್ಡ ಹಲ್ಲಿನಲ್ಲಿಟ್ಟು ಪೆಡಲ್ ಹಿಂದಕ್ಕೆ ತಿರುಗಿಸಿ. ಚೈನ್ ತಾನಾಗಿ ಸಣ್ಣ ಹಲ್ಲಿಗೆ ಜಾರಿದರೆ ರಿಂಗ್ ಹೊರಗೆ ಬಂದಿದೆ ಎಂದು ಅರ್ಥ. ಫ್ರೇಮಿನ ನಡುಗೆರೆಯಿಂದ ರಿಂಗಿನ ಹಲ್ಲಿಗೆ 47ರಿಂದ 50 ಮಿ.ಮೀ. ಇರಬೇಕು. ಕ್ರ್ಯಾಂಕ್ ಬದಲಿಸಿದ ಸೈಕಲ್ಲಿನಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲೇ, ಬಾಟಮ್ ಬ್ರಾಕೆಟ್ ಆಕ್ಸಲಿನ ಉದ್ದ ಹೊಂದಿರುವುದಿಲ್ಲ. 1 ಮಿ.ಮೀ. ವಾಷರ್ ಇಟ್ಟು ರಿಂಗನ್ನು ಒಳಗೆ ತರಬಹುದು. ಚೈನ್‌ಸ್ಟೇಗೆ (ಹಿಂದಿನ ಚಕ್ರದ ಕಡೆ ಹೋಗುವ ಫ್ರೇಮಿನ ಕೆಳಗಿನ ಕೊಳವೆ) ತಾಗದಂತೆ ನೋಡಿಕೊಳ್ಳಿ.

ಕಾರವಾರದ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಇನ್ನರ್ ಕೇಬಲ್ ಹಾಕಿ. ಘಟ್ಟದ ಮೇಲಿನ ಕೆಂಪು ಮಣ್ಣು ಚೈನನ್ನು ಅರೆದು ತಿನ್ನುತ್ತದೆ. ಸವೆದು ಉದ್ದವಾದ ಚೈನ್ ನ್ಯಾರೋ-ವೈಡ್ ಹಲ್ಲನ್ನು ಕೊಕ್ಕೆಯಂತೆ ಬಾಗಿಸಿದ ಮೇಲೆ ಚೈನ್ ಬೀಳುವುದು ನಿಲ್ಲುವುದಿಲ್ಲ. 9, 10 ಸ್ಪೀಡಿನಲ್ಲಿ ಚೈನಿನ ಸವಕಳಿ ಅಳೆಯುವ ಗೇಜ್ 0.75 ತೋರಿಸುವ ಮೊದಲೇ, 11ರಲ್ಲಿ 0.5ಕ್ಕೇ ಚೈನ್ ಬದಲಿಸಿ.

ಆದ್ದರಿಂದ ಭಾವನಿಗೋ ಅಕ್ಕನಿಗೋ ಕಳಿಸುವ ಪಟ್ಟಿ ಇಷ್ಟು: ನ್ಯಾರೋ-ವೈಡ್ ರಿಂಗ್, ಗಿಡ್ಡ ಬೋಲ್ಟ್ ನಾಲ್ಕು, ಚೈನ್ ಗೇಜ್, ನಿಮ್ಮದೇ ಫ್ರೇಮಿನ ಡಿರೇಲರ್ ಹ್ಯಾಂಗರ್ ಎರಡು. ಹ್ಯಾಂಗರ್ ಫ್ರೇಮಿನಿಂದ ಫ್ರೇಮಿಗೆ ಬೇರೆ ಬೇರೆ. ಬಿಚ್ಚಿ ಸ್ಕೇಲಿನ ಪಕ್ಕ ಇಟ್ಟು ಎರಡೂ ಬದಿಯ ಫೋಟೊ ಕಳಿಸಿ. ಚೈನ್, ಕೇಬಲ್ ಊರಲ್ಲೇ ಕೊಳ್ಳಿ. ಡಿಗ್ರೀಸರ್ ಸ್ಪ್ರೇ ಡಬ್ಬಿ ಮಾತ್ರ ಕೇಳಬೇಡಿ, ವಿಮಾನದಲ್ಲಿ ಅದನ್ನು ಬಿಡುವುದಿಲ್ಲ.