ಸಾಲು ಮನೆಯ ಹಂಚಿನ ಮಾಡು: ಸೋರುವುದು ಹಂಚಿನಲ್ಲಲ್ಲ, ಗೋಡೆಯ ಅಂಚಿನಲ್ಲಿ

ಮಂಗಳೂರಿನ ರಥಬೀದಿ, ಬಂದರು, ಉಡುಪಿಯ ರಥಬೀದಿಯ ಆಸುಪಾಸಿನ ಹಳೆಯ ಸಾಲು ಮನೆಗಳಲ್ಲಿ ಮಾಡು ಸೋರಿದರೆ ಎಲ್ಲರೂ ಮೊದಲು ದೂರುವುದು ಹಂಚನ್ನು. ಒಡೆದ ಹಂಚು ಬದಲಿಸುವುದು ಸಣ್ಣ ಕೆಲಸ. ಹಂಚು ಬದಲಿಸಿದ ಮೇಲೂ ಪ್ರತಿ ಮಳೆಗಾಲ ಅದೇ ಜಾಗದಲ್ಲಿ ಸೋರುತ್ತಿದ್ದರೆ, ಮಾಡು ಪಕ್ಕದವರ ಗೋಡೆಗೆ ತಾಗುವ ಗೆರೆಯನ್ನು ನೋಡಿ.

ಇಂಥ ಸಾಲುಗಳಲ್ಲಿ ಹಂಚು ನಡುಗೋಡೆಯ ಮೇಲೆಯೇ ಹಾದುಹೋಗುವುದುಂಟು. ಒಬ್ಬರು ತಮ್ಮ ಪಾಲು ಕೆಡವಿ ತಾರಸಿ ಕಟ್ಟಡ ಏರಿಸಿದರೆ, ಆ ಎತ್ತರದ ಗೋಡೆಗೆ ಹೊಡೆದ ಮಳೆಯೆಲ್ಲ ಇಳಿದು ನಮ್ಮ ಹಂಚಿನ ಅಂಚಿಗೇ ಬರುತ್ತದೆ. ಅಲ್ಲಿಗೆ ಸಿಮೆಂಟು ಮೆತ್ತಿ ಕೈತೊಳೆದುಕೊಳ್ಳುವವರೇ ಹೆಚ್ಚು. ಗೋಡೆ ಅಲುಗುವುದಿಲ್ಲ, ಆದರೆ ಮಾಡಿನ ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಿಮೆಂಟು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಒಳಹೋದ ನೀರಿಗೆ ಹೊರದಾರಿಯಿಲ್ಲದೆ, ಅದು ಪಕ್ಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ಬದಿಯಲ್ಲಿ ನಿಂತು ಅದನ್ನು ಕುಂಬಾಗಿಸುತ್ತದೆ, ಅಂದರೆ ಕೊಳೆಯಿಸುತ್ತದೆ.

ಸರಿಯಾದ ಕ್ರಮ ಹೀಗೆ. ಅಂಚಿನ ಹಂಚಿನ ಸಾಲು ತೆಗೆದು ಗೋಡೆಗುಂಟ ಆರು ಇಂಚು ಅಗಲದ ತಗಡಿನ ದಂಬೆ (ನೀರು ಹರಿಯುವ ಕಾಲುವೆ) ಕೂರಿಸಿ. ಅದರ ಮಾಡಿನ ಬದಿಯ ಅಂಚನ್ನು ಮೇಲಕ್ಕೆ ಮಡಚಿ, ಹಂಚು ಅದರ ಮೇಲೆ ಎರಡು ಇಂಚು ಚಾಚಿರಲಿ. ಗೋಡೆಯ ಬದಿಯ ತಗಡು ಆರು ಇಂಚು ಮೇಲೇರಲಿ. ಅದರ ಮೇಲೆ ಬೇರೆಯೇ ಒಂದು ಪಟ್ಟಿ ಬೇಕು: ಗೋಡೆಯಲ್ಲಿ ಒಂದು ಇಂಚು ಆಳ ಕೊರೆದು ಪಟ್ಟಿಯ ಮೇಲಂಚನ್ನು ಸಿಕ್ಕಿಸಿ, ಸುಣ್ಣದ ಗಾರೆ ತುಂಬಿ. ಕೆಳಂಚು ದಂಬೆಯ ತಗಡಿನ ಮೇಲೆ ಮೂರು ಇಂಚು ಇಳಿದಿರಲಿ. ಎರಡಕ್ಕೂ ಸೇರಿಸಿ ಮೊಳೆ ಹೊಡೆಯಲೇಬೇಡಿ. ಮರ ಅಲುಗಿದಾಗ ಅವು ಒಂದರ ಮೇಲೊಂದು ಜಾರಬೇಕು. ಜಿಂಕ್ ತಗಡು ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಆದರೆ ಗಾರೆಗೆ ತಾಗುವಲ್ಲಿ ಡಾಂಬರು ಬಳಿಯಿರಿ, ಹಸಿ ಸುಣ್ಣ ಅದನ್ನು ತಿನ್ನುತ್ತದೆ. ದುಡ್ಡಿದ್ದರೆ ತಾಮ್ರವೇ ಒಳ್ಳೆಯದು. ಕೊರೆಯುವುದು ಪಕ್ಕದವರ ಗೋಡೆಯನ್ನು, ಆದ್ದರಿಂದ ಅವರ ಒಪ್ಪಿಗೆ ಮೊದಲೇ ಪಡೆಯಿರಿ.

ದಂಬೆ ಕೂರಿಸುವ ಮೊದಲು ಮರ ಪರೀಕ್ಷಿಸಿ. ಪಕ್ಕಾಸಿನ ತುದಿಗೆ ಸ್ಕ್ರೂಡ್ರೈವರ್ ಒತ್ತಿದಾಗ ಅರ್ಧ ಇಂಚು ಒಳಹೋದರೆ ಅಷ್ಟು ಭಾಗ ಹೋಯಿತೆಂದೇ ಲೆಕ್ಕ. ಹಾಗೆಂದು ಇಡೀ ಪಕ್ಕಾಸು ಕೀಳಬೇಕಿಲ್ಲ, ಹಳೆಯ ಕಿರಾಲುಬೋಗಿಯಂಥ ಮರ ಈಗ ಸುಲಭಕ್ಕೆ ಸಿಗುವುದಿಲ್ಲ. ಕುಂಬಾದಷ್ಟನ್ನು ಕತ್ತರಿಸಿ, ಅದೇ ಅಳತೆಯ ಮರವನ್ನು ಪಕ್ಕಕ್ಕೆ ಜೋಡಿಸಿ. ಗಟ್ಟಿ ಭಾಗದ ಮೇಲೆ ಕನಿಷ್ಠ ಮೂರು ಅಡಿ ಹಾಯಿಸಿ 12 ಮಿಲಿಮೀಟರ್ ಬೋಲ್ಟ್ ಹಾಕಿ ಬಿಗಿಯಿರಿ. ಮೊಳೆ ಸಾಲದು.

ಇನ್ನು ಹಂಚು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮುಂದೆ ಕಾರ್ಖಾನೆಗಳು ಹೆಚ್ಚಿದವು, ಅಚ್ಚುಗಳೂ ಬೇರೆಬೇರೆಯಾದವು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಗಾಡಿಗೆ (ಅಂಚಿನ ತೋಡಿಗೆ) ಕೂರುವುದು ಕಷ್ಟ. ಕೂತಂತೆ ಕಂಡರೂ ಸಂದಿನಲ್ಲಿ ಗಾಳಿಮಳೆಯ ನೀರು ನುಗ್ಗುತ್ತದೆ. ಹೊಸ ಹಂಚು ಬೆರೆಸುವ ಬದಲು, ಎರಡೂ ಬದಿಯ ಒಳ್ಳೆಯ ಹಳೆಯ ಹಂಚನ್ನೆಲ್ಲ ಬೀದಿಯ ಕಡೆಗೆ ಹಾಕಿ, ಹಿಂಬದಿಗೆ ಪೂರ್ತಿ ಹೊಸತನ್ನು ಹೊದೆಸಿ. ಮನೆಯ ಮುಖವೂ ಉಳಿಯುತ್ತದೆ. ಬೆರಳಿನ ಗೆಣ್ಣಿನಿಂದ ಬಡಿದಾಗ ಠಣ್ಣೆಂದರೆ ಗಟ್ಟಿ, ಮಂಕು ಸದ್ದು ಬಂದರೆ ಒಳಬಿರುಕು. ಹೊಸ ಹಂಚನ್ನು ಒಣಗಿದ್ದಾಗ ತೂಗಿ, ಒಂದು ದಿನ ನೀರಲ್ಲಿಟ್ಟು ಮತ್ತೆ ತೂಗಿ. ಎರಡೂವರೆ ಕಿಲೋ ಹಂಚು ಅರ್ಧ ಕಿಲೋಗಿಂತ ಹೆಚ್ಚು ನೀರು ಕುಡಿದರೆ ಆ ಲೋಡು ಬೇಡ.

ಲೆಕ್ಕಕ್ಕೆ ನೂರು ಚದರಡಿ ಇಳಿಜಾರಿಗೆ ಸುಮಾರು 140 ಹಂಚು. ಮಾಡಿನ ಇಳಿಜಾರು 30 ಡಿಗ್ರಿಯಾದರೆ ನೆಲದ ಅಳತೆಯನ್ನು 1.15ರಿಂದ ಗುಣಿಸಿ. 16 ಅಡಿ ಅಗಲ, 30 ಅಡಿ ಉದ್ದದ ಮನೆಗೆ 780ರ ಹತ್ತಿರ, ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿ. ಅಷ್ಟೂ ಹಂಚಿನ ತೂಕ ಒಣಗಿದ್ದಾಗಲೇ ಎರಡು ಟನ್. ಆದ್ದರಿಂದ ಬಿಚ್ಚುವಾಗಲೂ ಹೊದೆಸುವಾಗಲೂ ಎರಡೂ ಬದಿ ಸಮವಾಗಿ ಸಾಗಲಿ. ಒಂದೇ ಕಡೆ ಪೇರಿಸಿಟ್ಟರೆ ಪಕ್ಕಾಸು ವಾಲುತ್ತದೆ.

ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳನ್ನು ಹಳೆಯ ಗುರುತಿನ ಅಂತರ ನೋಡಿ ಹೊಡೆಯಬೇಡಿ. ಹತ್ತು ಹಂಚುಗಳನ್ನು ನೆಲದ ಮೇಲೆ ಉದ್ದಕ್ಕೆ ಸಿಕ್ಕಿಸಿ, ಒಮ್ಮೆ ಒತ್ತಿ, ಒಮ್ಮೆ ಎಳೆದು, ಮೊದಲ ಹಂಚಿನ ಕೊಕ್ಕೆಯಿಂದ ಹತ್ತನೆಯದರ ಕೊಕ್ಕೆಗೆ ಅಳೆಯಿರಿ. ಎರಡರ ಸರಾಸರಿಯನ್ನು ಒಂಬತ್ತರಿಂದ ಭಾಗಿಸಿದರೆ ಅಂತರ ಸಿಗುತ್ತದೆ. ನೆತ್ತಿಯ ಹಂಚನ್ನು ನೀರಲ್ಲಿ ನೆನೆಸಿಯೇ ಗಾರೆಗೆ ಕೂರಿಸಿ, ಇಲ್ಲದಿದ್ದರೆ ಅದು ಗಾರೆಯ ನೀರು ಹೀರಿ ಬಿರುಕು ಬಿಡಿಸುತ್ತದೆ. ಗಾರೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು.

ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ ಮಳೆಗಾಲಕ್ಕೆ ಮೊದಲು, ಎಲ್ಲ ಮುಗಿಯಬೇಕು. ಕೊನೆಗೆ ಪೈಪಿನಿಂದ ನೀರು ಬಿಟ್ಟು ಪರೀಕ್ಷಿಸುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೂ ಹತ್ತು ನಿಮಿಷ ಕೊಡಿ. ನೆತ್ತಿಯಿಂದಲೇ ಸುರಿದರೆ ಮಾಡೆಲ್ಲ ಒದ್ದೆಯಾಗಿ, ಎಲ್ಲಿ ಸೋರಿತೆಂದು ಗೊತ್ತಾಗುವುದಿಲ್ಲ.