ಯಾರೋ ನೋಡ್ತಿದ್ದ ಧಾರಾವಾಹಿ

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಸಂಜೆಗೆ ಟಿವಿಯೇ ಗತಿ. ಚಿಕ್ಕಮ್ಮನ ಮನೆಯ ಒಟಿಟಿ ಖಾತೆಯಲ್ಲಿ ಮನೆಯವರಾರೂ ನೋಡದ ಟರ್ಕಿ ಧಾರಾವಾಹಿ ಅರ್ಧಕ್ಕೆ ನಿಂತಿದೆ! ಕಂಪನಿಗೇ ಕನ್ನ ಬಿದ್ದಿದೆ ಅಂತ ಎಲ್ಲರೂ ಬೈದರು. ಹೆಚ್ಚಾಗಿ ಹಾಗಿರಲ್ಲ. ಬೇರೆ ಯಾವುದೋ ಸೈಟಿನಿಂದ ಸೋರಿದ ಇಮೇಲ್, ಪಾಸ್‌ವರ್ಡ್‌ಗಳನ್ನು ಕಳ್ಳರು ಕಂಪ್ಯೂಟರ್ ಪ್ರೋಗ್ರಾಂ ಮೂಲಕ ಸಾಲಾಗಿ ಎಲ್ಲ ಕಡೆ ಹಾಕಿ ನೋಡುತ್ತಾರೆ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟವರು ಸಿಕ್ಕಿಬೀಳುತ್ತಾರೆ. 2019ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಶುರುವಾದ ಕೆಲವೇ ದಿನಗಳಲ್ಲಿ ಕದ್ದ ಖಾತೆಗಳು ಮಾರಾಟಕ್ಕಿದ್ದವು.

ಪಾಸ್‌ವರ್ಡ್ ಬದಲಿಸಿ, ಜೊತೆಗೆ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಇಲ್ಲದಿದ್ದರೆ ಒಳಗಿದ್ದವನು ಒಳಗೇ ಇರಬಹುದು. ಇಮೇಲ್‌ಗೂ ಅದೇ ಪಾಸ್‌ವರ್ಡ್ ಇದ್ದರೆ ಮೊದಲು ಅದನ್ನು ಬದಲಿಸಿ. ನೆನಪಿರಲ್ಲ ಅಂದರೆ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟರೂ ಪರವಾಗಿಲ್ಲ, ಎಲ್ಲೋ ಕೂತ ಕಳ್ಳನಿಗೆ ಅದು ಸಿಗಲ್ಲ ಅಲ್ವಾ.